ತಟ್ಟೆಯ ಕೊನೆಗೆ ಹೇಳಿದ ಹೆಸರು

ಸವದತ್ತಿ ಕೃಷ್ಣವ್ವನ ಬಗ್ಗೆ ಬರೆಯುವವರೆಲ್ಲ ಬರೆದು ಮುಗಿಸಿದ್ದಾರೆ. ಬರೆಯಲಿ, ನನ್ನ ಗಂಟೇನೂ ಹೋಗುವುದಿಲ್ಲ. ಆಕೆ ಕಣ್ಣು ಕೋರೈಸುವಷ್ಟು ಚೆಲುವೆಯಾಗಿದ್ದಳಂತೆ, ಪಾರ್ಟು ಕೂಡ ಚೆಂದ ಮಾಡುತ್ತಿದ್ದಳಂತೆ. ಸತ್ತು ಎಷ್ಟೋ ವರ್ಷವಾದ ಆ ಹೆಂಗಸಿನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆಕೆ ಹಾಡುತ್ತಿರಲಿಲ್ಲ. ಹಾಡುತ್ತಿದ್ದವಳು ಪರದೆಯ ಹಿಂದೆ ನಿಂತಿರುತ್ತಿದ್ದ ನಮ್ಮ ದೊಡ್ಡವ್ವ, ನನ್ನ ತಾಯಿಯ ಅಕ್ಕ, ಮುರಗೋಡದ ರಾಯವ್ವ. ಆಕೆಯ ಬಗ್ಗೆ ಬರೆಯಲು ಯಾರಿಗೂ ಪುರುಸೊತ್ತು ಸಿಕ್ಕಿಲ್ಲ. ಅದಕ್ಕೇ ನಾನು ಕುಳಿತಿದ್ದೇನೆ. ನಾನು ಸುಂದರವ್ವ, ಮುನವಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರಣಿ. ನನ್ನ ಬಾಯಿ ಸ್ವಲ್ಪ ಜೋರು ಎಂದು ಊರಿನವರು ಹೇಳುತ್ತಾರೆ. ಹೇಳಲಿ, ಅದು ನಿಜವೇ.

ದೊಡ್ಡವ್ವನ ತಾಯಿ ಲಗಮವ್ವ ಹುಣ್ಣಿಮೆ ಹುಣ್ಣಿಮೆಗೆ ಒಂಟಿ ತಂತಿಯ ಚೌಡಿಕೆ ಹಿಡಿದು ಯಲ್ಲಮ್ಮನ ಗುಡ್ಡಕ್ಕೆ ಹೋಗುತ್ತಿದ್ದಳು. ಮಗಳು ಹಿಂದೆ ಹಿಂದೆ ಹೋಗಿ ದನಿಗೂಡಿಸುತ್ತಿದ್ದಳು. ಹಾಗೆ ಒಮ್ಮೆ ಉಗರಗೋಳದಲ್ಲಿ, ಬಳೆ ಅಂಗಡಿಗಳ ಸಾಲಿನ ಹತ್ತಿರ ತಾಯಿ ಮಗಳು ಹಾಡುತ್ತಿದ್ದಾಗ ನಾಟಕ ಕಂಪನಿಯ ಮಾಲೀಕ ಸಂಗಪ್ಪ ಕೇಳಿದ. ಬಳೆ ಕೊಳ್ಳಲು ಬಂದವನು ಬಳೆ ಮರೆತು ನಿಂತನಂತೆ. ದೊಡ್ಡವ್ವನಿಗೆ ಆಗ ಹದಿನಾರೋ ಹದಿನೇಳೋ ಇರಬೇಕು. ಹುಡುಗಿಯನ್ನು ಕಂಪನಿಗೆ ಕಳಿಸು ಎಂದು ಲಗಮವ್ವನಿಗೆ ದುಂಬಾಲು ಬಿದ್ದ. ಕಳಿಸಿದಳು. ದೊಡ್ಡವ್ವ ಬಣ್ಣ ಹಚ್ಚಿಕೊಳ್ಳುವ ಕನಸು ಕಾಣುತ್ತ ಹೋದಳು.

ಕೇರಿಯ ಹುಡುಗಿ ಸೀತೆಯ ವೇಷ ಹಾಕಿದರೆ ಜನ ಟಿಕೆಟ್ಟು ಹರಿದು ಮುಖಕ್ಕೆ ಎಸೆಯುತ್ತಾರೆ ಎಂದು ಸಂಗಪ್ಪ ಮೊದಲ ದಿನವೇ ಹೇಳಿಬಿಟ್ಟ. ಮುಚ್ಚುಮರೆ ಮಾಡುವ ಮನುಷ್ಯನಲ್ಲ ಅವನು, ಅಷ್ಟಾದರೂ ಒಪ್ಪಬೇಕು. ರಂಗದ ಮೇಲೆ ಕೃಷ್ಣವ್ವ, ಪರದೆಯ ಹಿಂದೆ ಹಾರ್ಮೋನಿಯಂ ಪೆಟ್ಟಿಗೆಯ ಪಕ್ಕದಲ್ಲಿ ರಾಯವ್ವ. ಕೃಷ್ಣವ್ವ ತುಟಿ ಆಡಿಸಬೇಕು, ಇವಳು ಹಾಡಬೇಕು. ಪರದೆಯಲ್ಲೊಂದು ತೂತು. ಅದಕ್ಕೆ ಕಣ್ಣು ಹಚ್ಚಿ ಆಕೆಯ ಬೆನ್ನು ನೋಡುತ್ತಿರಬೇಕು. ಆಕೆಯ ಬೆನ್ನು ಎದ್ದಿತೆಂದರೆ ಆಕೆ ಉಸಿರು ಎಳೆದಳೆಂದು ಅರ್ಥ, ಇವಳೂ ಅಲ್ಲೇ ಉಸಿರು ಎಳೆಯಬೇಕು. ಇಲ್ಲದಿದ್ದರೆ ಮುಂದೆ ಕುಳಿತವರಿಗೆ ಮೋಸ ಗೊತ್ತಾಗುತ್ತದೆ. ಕೃಷ್ಣವ್ವನಿಗೆ ಸಂಗೀತ ಬರುತ್ತಿರಲಿಲ್ಲವಲ್ಲ, ಎಲ್ಲೆಂದರಲ್ಲಿ, ಮಾತಿನ ನಡುವೆಯೇ ಉಸಿರು ಎಳೆದುಬಿಡುತ್ತಿದ್ದಳು. ದೊಡ್ಡವ್ವನಿಗೂ ಅದೇ ರೂಢಿಯಾಗಿ ಹೋಯಿತು. ತನ್ನ ಉಸಿರನ್ನು ತಾನು ತೆಗೆದುಕೊಳ್ಳುವ ಹಕ್ಕೂ ಇಲ್ಲದ ಕೆಲಸ ಅದು. ಊಟ ಎಲ್ಲರದೂ ಆದ ಮೇಲೆ, ಹಿತ್ತಲಲ್ಲಿ.

ಮೂವತ್ತನಾಲ್ಕನೇ ಇಸವಿಯ ಸುಮಾರಿಗೆ ಮುಂಬೈಯಿಂದ ಗ್ರಾಮಫೋನ್ ತಟ್ಟೆಯ ಕಂಪನಿಯವರು ಬೆಳಗಾವಿಗೆ ಬಂದು ಒಂದು ಬಾಡಿಗೆ ಬಂಗಲೆಯಲ್ಲಿ ಯಂತ್ರ ಹೂಡಿದರು. ಸಂಗಪ್ಪ ಇವಳನ್ನು ಕರೆದುಕೊಂಡು ಹೋದ. ಕೃಷ್ಣವ್ವನನ್ನು ಒಯ್ದು ಏನು ಮಾಡುವುದು, ತಟ್ಟೆಗೆ ಚೆಲುವಿಕೆ ಕಾಣುತ್ತದೆಯೇ? ಆ ಕಾಲದ ತಟ್ಟೆಗಳಲ್ಲಿ ಒಂದು ಪದ್ಧತಿಯಿತ್ತು. ಹಾಡು ಮುಗಿದ ಕೂಡಲೇ ಹಾಡಿದವರು ತಮ್ಮ ಊರು, ಹೆಸರು ಹೇಳಬೇಕು. ಹಾಡು ಕೊರೆದ ಮೇಣದ ಬಿಲ್ಲೆ ದೂರದ ಕಾರ್ಖಾನೆಗೆ ಹೋಗುತ್ತಿತ್ತು. ಅಲ್ಲಿ ಕನ್ನಡ ಬಲ್ಲವರು ಯಾರಿದ್ದಾರೆ? ಯಾವ ಹಾಡು ಯಾರದು ಎಂದು ಗಲಿಬಿಲಿಯಾಗದಿರಲಿ ಎಂದು ಕೊನೆಗೆ ಹೆಸರು ಹೇಳಿಸುತ್ತಿದ್ದರು. "ಸವದತ್ತಿ ಕೃಷ್ಣವ್ವ ಅಂತ ಹೇಳಬೇಕು" ಎಂದು ಸಂಗಪ್ಪ ದಾರಿಯುದ್ದಕ್ಕೂ ಇವಳಿಗೆ ಗಿಳಿಪಾಠ ಮಾಡಿಸಿದ್ದ.

ಇನ್ನು ಮುಂದಿನದು ನಮ್ಮ ಮನೆಯ ಪುರಾಣ. ನಾನು ಕೂಸಾಗಿದ್ದಾಗಿನಿಂದ ಕೇಳಿದ್ದು. ದೊಡ್ಡವ್ವ ಜೋಳ ಹಸನು ಮಾಡುತ್ತ ಹೇಳುತ್ತಿದ್ದಳು: "ಹಾಡ ಮುಗೀತು. ಯಂತ್ರ ತಿರಗಾಕತ್ತಿತ್ತು. ಸಂಗಪ್ಪ ನನ್ನ ಮುಂದ ಕಣ್ಣ ಬಿಟಗೊಂಡ ನಿಂತಿದ್ದ. ಯಂತ್ರ ತಿರಗೂಮುಂದ ಅಂವ ಬಾಯಿ ತಗಿಯಾಕ ಬರೂದಿಲ್ಲಲ್ಲ. ನಾ ಗಂಟಲ ಬಿಚ್ಚಿ ಅಂದೆ, ನಾನು ಮುರಗೋಡ ರಾಯವ್ವ. ಹೊರಗ ಬರೂದರಾಗ ಕಪಾಳಕ್ಕ ಕೊಟ್ಟ. ಕೊಡಲಿ. ಹೆಸರ ಮೇಣದಾಗ ಕುಂತಿತ್ತು." ಹೇಳುತ್ತ ಎಡಗೆನ್ನೆ ಸವರಿಕೊಂಡು ನಗುತ್ತಿದ್ದಳು.

ತಟ್ಟೆ ಬಂದಾಗ ಅದರ ನಡುವಿನ ಚೀಟಿಯಲ್ಲಿ ಕೃಷ್ಣವ್ವನ ಹೆಸರೇ ಇತ್ತು. ಚೀಟಿ ಸಂಗಪ್ಪ ಬರೆಸಿದ್ದು, ಒಳಗಿನ ಮಾತು ಖರೆ ಎಂದು ನಮ್ಮ ಮನೆಯಲ್ಲಿ ತೀರ್ಮಾನವಾಗಿತ್ತು. ದೊಡ್ಡವ್ವ ಆ ತಟ್ಟೆಯನ್ನು ಒಮ್ಮೆಯೂ ಪೂರ್ತಿ ಕೇಳಿರಲಿಲ್ಲ. ನಮ್ಮ ಕೇರಿಯಲ್ಲಿ ಗ್ರಾಮಫೋನ್ ಯಾರ ಹತ್ತಿರ ಇತ್ತು? ಸವದತ್ತಿಯ ಚಹಾದಂಗಡಿಯ ಹೊರಗೆ ನಿಂತು ಒಂದೆರಡು ಸಲ ಕೇಳಿದ್ದಳು. ಹಾಡು ಮುಗಿಯುತ್ತಲೇ ಅಂಗಡಿಯವನು ಮುಳ್ಳು ಎತ್ತಿಬಿಡುತ್ತಿದ್ದ.

ನನ್ನ ತಾಯಿ ತಂಗೆವ್ವ ಈ ಕಥೆಯ ಮೇಲೆಯೇ ನನ್ನನ್ನು ಬೆಳೆಸಿದಳು. ಸುಳ್ಳಲ್ಲ. ಅಪ್ಪ ಬೌದ್ಧನಾಗಿ ಮನೆಯ ದೇವರನ್ನೆಲ್ಲ ಕೆಳಗಿಳಿಸಿದ ಮೇಲೂ ಅವ್ವ ಬಿಡದೆ ಹಿಡಿದುಕೊಂಡಿದ್ದ ದೇವರೆಂದರೆ ಅಕ್ಕನ ಆ ಒಂದು ಮಾತು. ಮಾಸ್ತರಣಿ ಟ್ರೇನಿಂಗಿನಲ್ಲಿ ನನ್ನ ಅಡ್ಡಹೆಸರು ಕೇಳಿ ಮೂಗು ಮುರಿಯುತ್ತಾರೆಂದು, ಕೂಗಿದಾಗ ನಾನು ಗೊಣಗಿದಂತೆ ಹಾಜರಿ ಹೇಳುತ್ತಿದ್ದೆ. ಅವ್ವನಿಗೆ ಗೊತ್ತಾಯಿತು. "ನಿಮ್ಮ ದೊಡ್ಡವ್ವ ಯಂತ್ರದ ಮುಂದ, ಮಾಲಕನ ಮುಂದ ಹೆಸರ ಹೇಳ್ಯಾಳ. ನಿನಗ ಒಬ್ಬ ಮಾಸ್ತರನ ಮುಂದ ಹೇಳಾಕ ನಾಚಿಕೇನ?" ಎಂದಳು. ಮರುದಿನ ನಾನು ಕೂಗಿದ ಕೂಗಿಗೆ ಕ್ಲಾಸಿನವರೆಲ್ಲ ತಿರುಗಿ ನೋಡಿದರು. ಅವತ್ತಿನಿಂದ ನನ್ನ ಬಾಯಿ ಜೋರಾಗಿದ್ದು.

ನಾಟಕ ಕಂಪನಿ ಮುಳುಗಿತು, ಸಂಗಪ್ಪ ಸತ್ತ. ದೊಡ್ಡವ್ವ ಮುರಗೋಡಕ್ಕೆ ಬಂದು ಕಂಡವರ ಹೊಲದಲ್ಲಿ ದುಡಿದಳು. ಮಲಪ್ರಭೆಗೆ ಅಣೆಕಟ್ಟು ಕಟ್ಟುವಾಗ ವರ್ಷಗಟ್ಟಲೆ ಜಲ್ಲಿ ಹೊತ್ತಳು. ಆ ಧೂಳು ಗಂಟಲನ್ನು ತಿಂದುಹಾಕಿತು. ಅವ್ವ ತೀರಿದ ಮೇಲೆ ನನ್ನ ಜೊತೆ ಮುನವಳ್ಳಿಗೆ ಬಂದಳು. ಆಗ ಆಕೆ ಹಾಡುತ್ತಿರಲಿಲ್ಲ. ಹಾಡು ಎಂದರೆ ಒಡೆದ ಗಡಿಗೆ ಬಡಿದಂತೆ ಆಗುತ್ತದೆ ಎನ್ನುತ್ತಿದ್ದಳು.

ಎಪ್ಪತ್ತಾರರ ಬೇಸಿಗೆಯಲ್ಲಿ ಒಂದು ಮುಂಜಾನೆ ನನ್ನ ಟ್ರಾನ್ಸಿಸ್ಟರ್ ಹಾಡುತ್ತಿತ್ತು. ನಲವತ್ತು ವರ್ಷ ಯಾರೂ ಕೇಳದೆ ಉಳಿದಿದ್ದ ಗಾಯಕಿಯರ ಹಾಡುಗಳು ಈಗ ಹೊಸ ಲಾಂಗ್ ಪ್ಲೇ ತಟ್ಟೆಯಾಗಿ ಬಂದಿವೆ ಎಂದು ರೇಡಿಯೋದವಳು ಹೇಳಿದಳು. ಆಮೇಲೆ ಒಂದು ಹಾಡು ಬಂತು. ಗಂಡನ ದಾರಿ ಕಾಯುತ್ತ ಬಾವಿಯ ಕಟ್ಟೆಯ ಮೇಲೆ ಕುಳಿತವಳ ಹಾಡು. ಅಂಥ ಎಳೆಯ ದನಿಯನ್ನು ನಾನು ಯಾವತ್ತೂ ಕೇಳಿರಲಿಲ್ಲ. ಕೇಳಿ ಮೈ ಜುಮ್ಮೆಂದಿತು. ತಿರುಗಿ ನೋಡಿದರೆ ದೊಡ್ಡವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಹಿಟ್ಟಿನ ಕೈ ಹಾಗೇ ಹಿಡಿದುಕೊಂಡು ಕುಳಿತಿದ್ದಳು. ತುಟಿ ಆಡುತ್ತಿತ್ತು. ಹಾಡು ಮುಗಿಯಿತು. ಹಾಡಿದವರು ಸವದತ್ತಿಯ ಕೃಷ್ಣವ್ವ ಎಂದು ರೇಡಿಯೋದವಳು ಹೇಳಿ ಇನ್ನೊಂದು ಹಾಡಿಗೆ ಹೋದಳು.

"ಕಡೀ ಮಾತ ಎಲ್ಲಿ ಹೋತು?" ದೊಡ್ಡವ್ವ ಕೇಳಿದಳು. "ನಾ ಹೆಸರ ಹೇಳೇನಿ. ಅದನ್ನ ಯಾಕ ಕತ್ತರಿಸ್ಯಾರ?"

ಕತ್ತರಿಸಿದ್ದಾರೆ ಎಂದರೆ ಬೇಕೆಂತಲೇ ಕತ್ತರಿಸಿದ್ದಾರೆ ಎಂದು ನನ್ನ ಪಿತ್ತ ನೆತ್ತಿಗೇರಿತು. ಪೇಪರಿನಲ್ಲಿ ಅದರ ಸುದ್ದಿ ಬಂದಿತ್ತು. ಬೈಲಹೊಂಗಲದ ಬಟ್ಟೆ ವ್ಯಾಪಾರಿ ನಿಜಗುಣಪ್ಪ ಎಂಬವರು ಮೂವತ್ತು ವರ್ಷ ಸಂತೆ ಸಂತೆ ತಿರುಗಿ ಹಳೆಯ ತಟ್ಟೆಗಳನ್ನು ಕೂಡಿಹಾಕಿದ್ದರು. ಅವರ ತಟ್ಟೆಗಳಿಂದಲೇ ಈ ಹೊಸದನ್ನು ಮಾಡಿದ್ದು. ಕೃಷ್ಣವ್ವನ ಗಾಯನದ ಬಗ್ಗೆ ಅವರೇ ಬರೆದಿದ್ದರು. ಮಾತಿನ ನಡುವೆ ಉಸಿರು ತೆಗೆದುಕೊಳ್ಳುವ ಆಕೆಯ ರೀತಿ ವಿರಹದ ಬಿಕ್ಕಿನಂತಿದೆಯಂತೆ, ಅಂಥ ಕಲೆ ಇನ್ಯಾರಿಗೂ ಒಲಿದಿಲ್ಲವಂತೆ. ಓದಿ ಹೇಳಿದಾಗ ದೊಡ್ಡವ್ವ ನಗಲಿಲ್ಲ. "ಹಳೀ ತಟ್ಟಿ ಅವರ ಹಂತ್ಯಾಕ ಐತೇನ?" ಎಂದಷ್ಟೇ ಕೇಳಿದಳು. ಸೋಮವಾರ ನಾನು ರಜೆ ಹಾಕಿದೆ. ಯರಗಟ್ಟಿಯಲ್ಲಿ ಬಸ್ಸು ಬದಲಿಸಿ ಬೈಲಹೊಂಗಲಕ್ಕೆ ಹೋದೆವು. ದೊಡ್ಡವ್ವ ಇಳಕಲ್ ಸೀರೆ ಉಟ್ಟಿದ್ದಳು. ದಾರಿಯಲ್ಲಿ ಮುರಗೋಡ ಬಂದಾಗ ಕಿಟಕಿಯಿಂದ ಹೊರಗೆ ಸಹ ನೋಡಲಿಲ್ಲ, ಅಷ್ಟು ಅವಸರ ಆಕೆಗೆ.

ನಿಜಗುಣಪ್ಪ ಕೆಟ್ಟ ಮನುಷ್ಯನಾಗಿದ್ದರೆ ನನಗೆ ಸಲೀಸಾಗುತ್ತಿತ್ತು. ನಾಲ್ಕು ಮಾತು ಝಾಡಿಸಿ ಬರುತ್ತಿದ್ದೆ. ಆದರೆ ಆತ ಸಂಭಾವಿತ. "ಬರ್ರಿ, ಕುಂದರ್ರಿ" ಎಂದು ಅಂಗಡಿಯ ಹಿಂದಿನ ಕೋಣೆಗೆ ಕರೆದ. ಗೋಡೆಯ ತುಂಬ ತಟ್ಟೆಗಳು. ಒಂದೊಂದಕ್ಕೂ ಖಾದಿ ಬಟ್ಟೆಯ ಚೀಲ ಹೊಲಿಸಿದ್ದ. "ಈ ಹೆಣ್ಣಮಕ್ಕಳನ್ನ ಜನ ಮರತಬಿಟ್ಟಾರ್ರಿ. ಒಬ್ಬಾಕಿ ಹೆಸರರೆ ಉಳೀಲಿ ಅಂತ ನನ್ನ ಜೀವ ತೇದೇನಿ" ಎಂದ. ಹೇಳುವಾಗ ಕಣ್ಣು ಒದ್ದೆಯಾದವು. ನಾಟಕವಲ್ಲ, ನಿಜವಾಗಿಯೇ.

ನಾನು ವಿಷಯ ಹೇಳಿದೆ. ಆತ ದೊಡ್ಡವ್ವನನ್ನು ಮೇಲಿಂದ ಕೆಳಗೆ ನೋಡಿದ. "ಮುರಗೋಡದಾಗ ಯಾರ ಪೈಕಿ?" ಎಂದ. ಯಾವ ಕೇರಿಯೆಂದು ನಾನು ಸ್ಪಷ್ಟವಾಗಿ ಹೇಳಿದೆ, ಗೊಣಗಲಿಲ್ಲ. ಅಲ್ಲಿಂದ ಮುಂದೆ ನನಗೆ "ರೀ" ಉಳಿಯಿತು, ಮಾಸ್ತರಣಿಯಲ್ಲವೇ. ದೊಡ್ಡವ್ವನಿಗೆ "ನೀ" ಆಯಿತು. ಆತನಿಗೆ ಅದು ಗೊತ್ತೇ ಆಗಲಿಲ್ಲ ಎಂದು ಕಾಣುತ್ತದೆ.

"ಹಂಗಾರ ಸ್ವಲ್ಪ ಹಾಡ ನೋಡೂಣು" ಎಂದ.

"ದನಿ ಸತ್ತೈತ್ರಿ" ಎಂದಳು ದೊಡ್ಡವ್ವ. "ಹಳೀ ತಟ್ಟಿ ಹಚ್ಚರಿ. ಕಡೀಕ ನಾ ಹೆಸರ ಹೇಳೇನಿ. ಅದರ ಮ್ಯಾಲ ತೀರಮಾನ ಮಾಡ್ರಿ. ನನಗ ಬ್ಯಾರೆ ಏನೂ ಬ್ಯಾಡ, ಮ್ಯಾಲಿನ ಹೆಸರ ತಿದ್ದರಿ."

ಆಕೆ ಇಷ್ಟು ಮಾತಾಡುತ್ತಿದ್ದಂತೆ ನಿಜಗುಣಪ್ಪನ ಮುಖ ಬದಲಾಯಿತು. ಆಕೆಯ ಬಾಯಿಯನ್ನೇ ನೋಡತೊಡಗಿದ. ಆ ತಟ್ಟೆಯನ್ನು ಸಾವಿರ ಸಲ ಕೇಳಿದವನು, ಮಾತಿನ ದನಿ ಗುರುತು ಹಿಡಿದ ಎಂದು ನನಗೆ ಆಗಲೇ ಅನಿಸಿತು. "ಆ ಕಡೀ ಮಾತ ನಾನ ತಗಸೇನ್ರಿ, ಈಗಿನ ಜನ ಕೇಳಿ ನಗತಾರಂತ. ಅದನ್ನ ಈಗ ಹಚ್ಚೂದು ಬ್ಯಾಡ. ಚಾ ಕುಡೀರಿ" ಎಂದು ನನಗೆ ಹೇಳಿದ.

"ಯಾಕ ಬ್ಯಾಡ?" ನನ್ನ ದನಿ ಏರಿತ್ತು. "ಬೆಳಕಿಗಿ ಬರತೈತಿ ಅಂತೇನು?"

"ಹಚ್ಚರಿ" ಎಂದಳು ದೊಡ್ಡವ್ವ.

ಆತ ಎದ್ದು ಚೀಲದಿಂದ ತಟ್ಟೆ ತೆಗೆದು ಹಚ್ಚಿದ. ಕರಕರ ಸಪ್ಪಳದ ನಡುವಿಂದ ಆ ಹುಡುಗಿ ಹಾಡಿದಳು. ರೇಡಿಯೋದಲ್ಲಿ ಕೇಳಿದ್ದಕ್ಕಿಂತ ಹತ್ತಿರದಲ್ಲಿ, ಪಕ್ಕದಲ್ಲೇ ಕುಳಿತಂತೆ. ದೊಡ್ಡವ್ವ ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತಿದ್ದಳು. ಮಾತಿನ ನಡುವೆ ತಟ್ಟೆಯೊಳಗಿನ ಹುಡುಗಿ ಉಸಿರು ಎಳೆದಾಗ ಆಕೆಯೂ ಎಳೆದಳು. ಹಾಡು ಮುಗಿಯಿತು. ಮುಳ್ಳು ಓಡುತ್ತಲೇ ಇತ್ತು. ಆಮೇಲೆ ಅದೇ ಹುಡುಗಿ ಮಾತಾಡಿದಳು.

"ನಾನು ಸವದತ್ತಿ ಕೃಷ್ಣವ್ವ."

ದನಿ ದೊಡ್ಡವ್ವನದೇ. ಆ "ನಾನು" ಎನ್ನುವುದನ್ನು ಸ್ವಲ್ಪ ಮೂಗಿನಿಂದ ಎಳೆಯುವ ರೀತಿ ನನಗೆ ಹುಟ್ಟಿದಾಗಿನಿಂದ ಗೊತ್ತು. ಯಾರಿಗೂ ಸಂಶಯ ಬರುವಂತಿರಲಿಲ್ಲ. ನಿಜಗುಣಪ್ಪ ನೆಲ ನೋಡುತ್ತ ನಿಂತಿದ್ದ.

"ಮತ್ತೊಮ್ಮೆ ಹಚ್ಚರಿ" ಎಂದಳು ದೊಡ್ಡವ್ವ.

ಮತ್ತೊಮ್ಮೆ ಹಚ್ಚಿದ. ತಟ್ಟೆ ಬೇರೆ ಏನು ಹೇಳೀತು, ಅದನ್ನೇ ಹೇಳಿತು.

"ದನಿ ಈಕೀದ ಅಂತ ನಿಮಗ ಗೊತ್ತಾತಲ್ರಿ. ಇನ್ನ ಹೆಸರ ತಿದ್ದಾಕ ಏನ ಅಡ್ಡಿ?" ಎಂದೆ.

"ದನಿ ಈಕೀದ ಐತ್ರಿ. ನಾ ಇಲ್ಲ ಅನ್ನೂದಿಲ್ಲ" ಎಂದ ನಿಜಗುಣಪ್ಪ. "ಆದರ ಆಕೀನ ತನ್ನ ಬಾಯಿಲೆ ಕೃಷ್ಣವ್ವ ಅಂದಾಳ. ನಾ ಯಾರ್ರಿ ಅದನ್ನ ತಿದ್ದಾಕ? ಮುಂದಿನ ಸಲ ಅಚ್ಚ ಹಾಕಿದರ ಸಹಾಯಕಿ ಅಂತ ಸಣ್ಣಗ ಸೇರಸಾಕ ಬರತೈತೇನ ಕೇಳತೇನಿ."

ಸಹಾಯಕಿಯಂತೆ. ಹಾಡಿದವಳು ತುಟಿ ಆಡಿಸಿದವಳಿಗೆ ಸಹಾಯಕಿ. ಇಂಥ ನ್ಯಾಯ ಹೇಳುವ ಸಂಭಾವಿತನಿಗಿಂತ ಕಪಾಳಕ್ಕೆ ಹೊಡೆದ ಆ ಸಂಗಪ್ಪನೇ ಮೇಲು ಎಂದು ನಾನು ಅಂದುಬಿಟ್ಟೆ, ಅವನ ಮುಖದ ಮೇಲೆಯೇ. ಚಹಾ ಮುಟ್ಟದೆ ಎದ್ದೆವು.

ಬಸ್ಸಿನಲ್ಲಿ ನಾನು ಆಕೆಯ ಮುಖ ನೋಡಲಿಲ್ಲ. ಖರೆ ಹೇಳಬೇಕೆಂದರೆ ನನಗೆ ಆಕೆಯ ಮೇಲೂ ಸಿಟ್ಟು ಬಂದಿತ್ತು. ನನ್ನ ತಾಯಿ ಆ ಮಾತನ್ನು ನಂಬಿಕೊಂಡೇ ಸತ್ತಳು. ನಾನು ಆ ಮಾತಿನ ಮೇಲೆ ಕಾಲೂರಿ ನಿಂತು ಒಂದು ನೌಕರಿ, ಒಂದು ಬಾಳು ಕಟ್ಟಿಕೊಂಡಿದ್ದೆ. ಅದು ಸುಳ್ಳೇ? ಮುರಗೋಡ ದಾಟಿದ ಮೇಲೆ ಆಕೆಯೇ ಮಾತು ತೆಗೆದಳು.

"ಕಪಾಳಕ್ಕ ಹೊಡದದ್ದು ಖರೇ ಐತಿ, ಸುಂದ್ರಿ. ಅಂವ ಹೇಳಿದಂಗ ನಾ ಅಂದಿದ್ದರ ಯಾಕ ಹೊಡೀತಿದ್ದ?"

ಆಕೆ ತನ್ನಷ್ಟಕ್ಕೆ ತಾನೇ ಹುಡುಕಿಕೊಂಡು ಹೋದಳು. ಒಂದೊಂದೇ ನೆನಪು ತೆಗೆದು ಹೇಳಿದಳು.

"ಎರಡ ಸಲ ಹಾಡಿದ್ದೆ. ಹೌದು, ಎರಡ ಸಲ. ಮೊದಲನೇ ಸಲ ನನ್ನ ಹೆಸರ ಅಂದೆ. ಸಂಗಪ್ಪ ಹೊಡದ. ಯಂತ್ರದಂವಗ ಏನೋ ಹೇಳಿದ. ಆ ಸಾಹೇಬ ಮೇಣದ ಬಿಲ್ಲಿ ತಗದು ಅಲ್ಲೇ ನನ್ನ ಮುಂದನ ಕೆರದ ನುಣ್ಣಗ ಮಾಡಿದ. ಮ್ಯಾಲಿಂದ ಮೇಣದ ಪುಡಿ ಉದರತಿತ್ತು. ಮತ್ತೊಂದ ಬಿಲ್ಲಿ ಹಾಕಿದರು. ಮಾರಿ ಉರಿಯಾಕತ್ತಿತ್ತು. ಮತ್ತ ಹಾಡಿದೆ. ಹೇಳಂದದ್ದನ್ನ ಹೇಳಿದೆ."

"ಅದನ್ನ ಇಷ್ಟ ದಿನ ಯಾಕ ಹೇಳಲಿಲ್ಲ, ದೊಡ್ಡವ್ವ?"

"ನಿಮ್ಮವ್ವಗ ಮೊದಲನೇದು ಹೇಳಿದೆ. ಆಕಿ ಎಷ್ಟ ಖುಷಿ ಆದಳು ಅಂದರ, ಎರಡನೇದು ಹೇಳಾಕ ಬಾಯಿ ಬರಲಿಲ್ಲ. ಹಂಗ ಹೇಳತ ಹೇಳತ ನನಗೂ ಮರತು ಹೋಗಿತ್ತು."

ನನ್ನ ಸಿಟ್ಟು ಇಳಿದುಹೋಯಿತು. ಇಳಿದಿದ್ದೇ ತಡ ಅದಕ್ಕಿಂತ ಕೆಟ್ಟದ್ದೊಂದು ಬಂದು ಎದೆಯಲ್ಲಿ ಕುಳಿತಿತು. ಆಕೆ ಹೆಸರು ಹೇಳಿದ್ದಳು. ಹೇಳಿದ್ದು ನಿಜ. ಅದನ್ನು ಕೇಳಿದವರು ಸಂಗಪ್ಪ, ಆ ಯಂತ್ರದವನು ಮತ್ತು ಆಕೆ, ಅಷ್ಟೇ. ಕೆರೆದು ಉದುರಿಸಿದ ಮೇಣವನ್ನು ಯಾವ ನಿಜಗುಣಪ್ಪ ಸಂತೆಯಲ್ಲಿ ಹುಡುಕಿ ತರುತ್ತಾನೆ? ಆತ ಚೀಲ ಹೊಲಿಸಿ ಕಾಪಾಡಿಟ್ಟಿದ್ದು ಹೊಡೆತ ತಿಂದ ಮೇಲಿನ ದನಿಯನ್ನು.

ಒಂದು ತಿಂಗಳ ಮೇಲೆ ಆತ ಹೊಸ ಲಾಂಗ್ ಪ್ಲೇ ತಟ್ಟೆಯೊಂದನ್ನು ಪಾರ್ಸೆಲ್ಲಿನಲ್ಲಿ ಕಳಿಸಿಕೊಟ್ಟ, ಮರ್ಯಾದಸ್ಥ. ನಮ್ಮಲ್ಲಿ ಅದನ್ನು ಹಚ್ಚುವ ಯಂತ್ರವಿರಲಿಲ್ಲ. ಮುನವಳ್ಳಿಯಲ್ಲಿ ಮದುವೆಗಳಿಗೆ ಮೈಕು ಬಾಡಿಗೆ ಕೊಡುವ ಶಟ್ಟೆಪ್ಪನ ಅಂಗಡಿಗೆ ಒಯ್ದೆವು. ದೊಡ್ಡವ್ವ ಬೆಂಚಿನ ಮೇಲೆ ಕುಳಿತು ಕೇಳಿದಳು. ಆಕೆಯ ಹಾಡು ಮುಗಿಯಿತು. ಕೊನೆಯ ಮಾತು ಇರಲಿಲ್ಲ. ಕೂಡಲೇ ಇನ್ಯಾರದೋ ಹಾಡು ಸುರುವಾಯಿತು.

"ಮ್ಯಾಲ ಯಾರ ಹೆಸರೈತಿ?" ಎಂದು ರಟ್ಟಿನ ಚೀಲದ ಕಡೆ ಕೈ ತೋರಿಸಿದಳು. ಆಕೆಗೆ ಅಕ್ಷರ ಬರುತ್ತಿರಲಿಲ್ಲ.

"ಕೃಷ್ಣವ್ವಂದು" ಎಂದೆ. ಹೇಳುವಾಗ ಬೈಲಹೊಂಗಲದ ಸಿಟ್ಟು ಮತ್ತೆ ಎದ್ದು ಬಂತು. "ನಾ ಬಿಡೂದಿಲ್ಲ, ದೊಡ್ಡವ್ವ. ಪೇಪರಿನವರಿಗೆ ಬರೀತೇನಿ. ಕಂಪನಿಗಿ ಬರೀತೇನಿ. ಹಾಡಿದಾಕಿ ಜೀವಂತ ಅದಾಳ ಅಂತೇನಿ."

"ಬರದರ ಸಾಕ್ಷಿ ಕೇಳತಾರ."

"ಕೇಳಲಿ. ಹಳೀ ತಟ್ಟಿ ಐತಲ್ಲ, ಹಚ್ಚಿ ನೋಡ್ರಿ ಅಂತೇನಿ. ನಿನ್ನ ದನಿ ಎಲ್ಲಾರಿಗೂ ಗೊತ್ತಾಗತೈತಿ."

ದೊಡ್ಡವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ನನ್ನ ಮೇಲೆ ಕನಿಕರ ಬಂದವಳಂತೆ ನೋಡಿದಳು.

"ಅದರಾಗ ಇದ್ದಾಕಿ ನಾನ ಅಲ್ಲೇನ ಹುಚ್ಚಿ" ಎಂದಳು. "ಆಕಿ ನನ್ನ ಕಡಿಂದ ಸಾಕ್ಷಿ ಹೇಳೂದಿಲ್ಲ. ಅವರ ಕಡಿಂದ ಹೇಳತಾಳ."

ಶಟ್ಟೆಪ್ಪ ತಟ್ಟೆ ತೆಗೆದು ಚೀಲಕ್ಕೆ ಹಾಕಿ ನನ್ನ ಕೈಗೆ ಕೊಟ್ಟ.